ಹಳೆಯ ಸೈಕಲ್ಲು, ಗುಡ್ಡದ ಹಾದಿ

ನಮ್ಮ ಕಡೆಯ ಮಾತಿನಲ್ಲಿ ಮುದಿಯಾದ ವಾಹನಕ್ಕೆ 'ಡಕೋಟ' ಎಂಬ ಹೆಸರಿದೆ. ಒಂದು ಕಾಲದಲ್ಲಿ ಆಕಾಶದಲ್ಲಿ ಹಾರಾಡಿದ ವಿಮಾನದ ಹೆಸರೂ ಅದೇ. ಅಂಗಳದ ಗೋಡೆಗೆ ಒರಗಿ ನಿಂತ, ಬಣ್ಣ ಮಾಸಿದ, ಮಡ್‌ಗಾರ್ಡು ಗಡಗಡನೆ ಅಲುಗುವ ಸೈಕಲ್ಲನ್ನೂ ನಾವು ಹಾಗೆಯೇ ಕರೆಯುತ್ತೇವೆ. ಈ ಹೆಸರಿನಲ್ಲಿ ಹಾಸ್ಯವಿದೆ, ತುಸು ತಾತ್ಸಾರವೂ ಇದೆ. ಅಂಥ ಸೈಕಲ್ಲನ್ನು ಏರಿ ಗುಡ್ಡದ ಹಾದಿ ಹಿಡಿಯುವುದರಲ್ಲಿ ಒಂದು ಸುಖವಿದೆಯೆಂದೂ, ಆ ಸುಖಕ್ಕೆ ಸೈಕಲ್ಲಿನ ಮುಪ್ಪು ಅಡ್ಡಿಯಾಗುವುದರ ಬದಲು ನೆರವಾಗುತ್ತದೆಯೆಂದೂ ನಾನು ಈಗ ಹೇಳಹೊರಟಿದ್ದೇನೆ. ಕೇಳುಗರಲ್ಲಿ ಕೆಲವರಿಗೆ ಇದು ಬರಿಯ ವಿನೋದದ ಮಾತಾಗಿ ಕಂಡೀತು. ವಿನೋದ ಇದರಲ್ಲಿ ಇಲ್ಲವೆಂದು ನಾನೂ ಹೇಳುವುದಿಲ್ಲ. ಆದರೆ ನಮ್ಮಂಥ ಸಣ್ಣ ಊರುಗಳವರು ವಿನೋದವೆಂಬುದನ್ನೇ ಬೇರೆಯವರ ಸ್ವತ್ತೆಂದು ಬಿಟ್ಟುಕೊಡುತ್ತಿರುವ ಈ ಕಾಲದಲ್ಲಿ, ಇದನ್ನು ಸ್ವಲ್ಪ ಗಂಭೀರವಾಗಿಯೇ ವಿಚಾರಿಸುವುದು ಒಳ್ಳೆಯದು.

ಜಗಳೂರು ಬಯಲುಸೀಮೆಯ ಊರು. 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಈ ತಾಲೂಕು, ಆ ವರ್ಷ ದಾವಣಗೆರೆ ಜಿಲ್ಲೆಯ ರಚನೆಯಾದಾಗ ಅದಕ್ಕೆ ಸೇರಿತು. ಬರಪೀಡಿತ ತಾಲೂಕುಗಳ ಪಟ್ಟಿ ಪ್ರಕಟವಾದಾಗಲೆಲ್ಲ ನಮ್ಮವರು ಅದರಲ್ಲಿ ಜಗಳೂರಿನ ಹೆಸರನ್ನು ಹುಡುಕಬೇಕಾದ ಕಷ್ಟ ಬಂದದ್ದು ಕಡಿಮೆ. ಬೆಟ್ಟವೆಂದರೆ ಮಲೆನಾಡಿನ ಕುದುರೆಮುಖವನ್ನೋ ಮುಳ್ಳಯ್ಯನಗಿರಿಯನ್ನೋ ನೆನೆಯುವವರಿಗೆ ನಮ್ಮ ಕೊಡದಗುಡ್ಡವಾಗಲಿ, ಕೊಣಚಗಲ್ಲಾಗಲಿ ಲೆಕ್ಕಕ್ಕೆ ಬಾರವು. ಇಲ್ಲಿ ಜಲಪಾತಗಳಿಲ್ಲ, ಹಸಿರು ಕಂಬಳಿ ಹೊದ್ದ ಇಳಿಜಾರುಗಳಿಲ್ಲ. ಇರುವುದು ಕೆಂಪು ಗೊರಚು ಮಣ್ಣು, ಸಣ್ಣ ಹರಳುಗಲ್ಲು, ಕುರುಚಲು ಗಿಡ, ಬಳ್ಳಾರಿ ಜಾಲಿ, ಮೆಕ್ಕೆಜೋಳ ಮತ್ತು ಶೇಂಗಾದ ಹೊಲಗಳನ್ನು ದಾಟಿ ಗುಡ್ಡದ ಬುಡಕ್ಕೆ ಹೋಗಿ ಮುಟ್ಟುವ ಬಂಡಿಜಾಡು, ಅಲ್ಲಿಂದ ಮೇಲಕ್ಕೆ ಕುರಿಗಳೂ ಕುರಿಗಾಹಿಗಳೂ ತುಳಿದು ಮಾಡಿದ ಹಾದಿ. ಆದರೆ ಸೈಕಲ್ಲಿನವನಿಗೆ ಬೇಕಾದದ್ದು ನೋಟದ ವೈಭವವಲ್ಲ. ಅವನಿಗೆ ಬೇಕಾದದ್ದು ಏರು, ಇಳಿವು, ತಿರುವು ಮತ್ತು ಚಕ್ರದ ಕೆಳಗಿನ ನೆಲ. ಈ ನಾಲ್ಕೂ ನಮ್ಮಲ್ಲಿ ಧಾರಾಳವಾಗಿವೆ.

ಸೈಕಲ್ಲೂ ಧಾರಾಳವಾಗಿಯೇ ಇತ್ತು. ಆದರೆ ನಮ್ಮ ಸೀಮೆಯಲ್ಲಿ ಅದು ಎಂದೂ ಆಟದ ಸಾಮಾನಾಗಿರಲಿಲ್ಲ, ಮನೆಯ ದುಡಿಯುವ ಆಳಾಗಿತ್ತು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹಿಟ್ಟಿನ ಗಿರಣಿಗೆ ಹೋಗುವ ಚೀಲ, ಐಸ್‌ಕ್ಯಾಂಡಿಯ ಪೆಟ್ಟಿಗೆ, ಬರದ ವರ್ಷಗಳಲ್ಲಿ ಎರಡೂ ಬದಿಗೆ ಕಟ್ಟಿದ ನೀರಿನ ಕೊಡಗಳು, ಇವೆಲ್ಲವನ್ನೂ ಅದು ಹೊತ್ತಿದೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ಲು ತಂದು, ಸೀಟಿಗೆ ಎಟುಕದ ಕಾಲನ್ನು ಚೌಕಟ್ಟಿನ ಒಳಗಿನಿಂದ ತೂರಿಸಿ ಒಳಪೆಡಲು ತುಳಿದ ಬಾಲ್ಯವೊಂದನ್ನು ಬಿಟ್ಟರೆ, ಸೈಕಲ್ಲಿನ ಮೇಲೆ ನಾವು ಸುಮ್ಮನೆ ಎಲ್ಲಿಗೂ ಹೋದವರಲ್ಲ. ದೊಡ್ಡವರು ಸೈಕಲ್ಲು ಹತ್ತಿದರೆ ಎದುರು ಬಂದವರು ಕೇಳುವ ಮೊದಲ ಪ್ರಶ್ನೆ, "ಎಲ್ಲಿಗೆ?" ಎಂಬುದು. ಗುಡ್ಡ ಹತ್ತಿ ಇಳಿದು ಬರುವುದಕ್ಕೆ ಎಂದು ಉತ್ತರ ಕೊಟ್ಟರೆ, ಮುಂದಿನ ಪ್ರಶ್ನೆ ಆರೋಗ್ಯವನ್ನು ಕುರಿತು ಬರುತ್ತದೆ.

ಬೆಟ್ಟದ ಸೈಕಲ್ ಸವಾರಿ ಇಂದು ಪ್ರಪಂಚದಾದ್ಯಂತ ಹರಡಿರುವ ಕ್ರೀಡೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ಇಂಗಾಲದ ನಾರಿನಿಂದ ಮಾಡಿದ ಚೌಕಟ್ಟು, ಎಣ್ಣೆಯ ಒತ್ತಡದಿಂದ ಹಿಡಿಯುವ ಬ್ರೇಕು, ಗಾಳಿಯ ಒತ್ತಡದಿಂದ ಕುಗ್ಗಿ ಹಿಗ್ಗುವ ಮುಂಗವಲು ಮುಂತಾದ ಸಾಧನಗಳು ಅದರಲ್ಲಿ ಬಂದು ಸೇರಿವೆ. ಮೋಟಾರು ಸೈಕಲ್ಲಿನ ಬೆಲೆಯನ್ನೂ ಮೀರಿದ ಬೆಟ್ಟದ ಸೈಕಲ್ಲುಗಳು ಈಗ ನಮ್ಮ ನಗರಗಳ ಅಂಗಡಿಗಳಲ್ಲೇ ದೊರೆಯುತ್ತವೆ. ಇವನ್ನು ಕಂಡ ಸಣ್ಣ ಊರಿನ ಹುಡುಗ, ಈ ಆಟ ತನ್ನದಲ್ಲವೆಂದು ತೀರ್ಮಾನಿಸಿ ಗೋಡೆಗೊರಗಿದ ತನ್ನ ಸೈಕಲ್ಲಿನ ಕಡೆ ತಿರುಗಿಯೂ ನೋಡದೆ ಹೋದರೆ ಆಶ್ಚರ್ಯವಿಲ್ಲ. ಅವನಿಗೆ ಈ ಕ್ರೀಡೆಯ ಹುಟ್ಟಿನ ಕಥೆಯನ್ನು ಯಾರಾದರೂ ಹೇಳಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರಕ್ಕೆ ಸಮೀಪವಾಗಿ ಮೆರಿನ್ ಎಂಬ ಗುಡ್ಡಗಾಡು ಸೀಮೆಯಿದೆ. 1970ರ ದಶಕದಲ್ಲಿ ಅಲ್ಲಿಯ ಕೆಲವು ತರುಣರು, 1930 ಮತ್ತು 40ರ ದಶಕಗಳಲ್ಲಿ ತಯಾರಾಗಿ ಗುಜರಿಯ ಪಾಲಾಗಿದ್ದ ದಪ್ಪ ಟಯರಿನ ಷ್ವಿನ್ ಸೈಕಲ್ಲುಗಳನ್ನು ಅಲ್ಪ ಬೆಲೆಗೆ ಕೊಂಡು, ಮಡ್‌ಗಾರ್ಡು ಮೊದಲಾದ ಭಾರಗಳನ್ನು ಕಳಚಿ, ಬೆಟ್ಟದ ಮಣ್ಣುಹಾದಿಗಳಲ್ಲಿ ಇಳಿಸತೊಡಗಿದರು. ಆ ಸೈಕಲ್ಲುಗಳನ್ನು ಅವರು 'ಕ್ಲಂಕರ್' ಎಂದು ಕರೆಯುತ್ತಿದ್ದರು. ನಮ್ಮ ಡಕೋಟಕ್ಕೆ ಅದಕ್ಕಿಂತ ಹತ್ತಿರದ ನೆಂಟ ಸಿಕ್ಕುವುದು ಕಷ್ಟ. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿಯ ಇಳಿಜಾರಿನಲ್ಲಿ ಅವರು ಮೊದಲ ಪಂದ್ಯವನ್ನು ನಡೆಸಿದರು. ಸುಮಾರು ಎರಡು ಮೈಲಿಯ ಹಾದಿ, ಅಷ್ಟರಲ್ಲಿ 1300 ಅಡಿಗಳ ಇಳಿವು. ಅವರ ಸೈಕಲ್ಲುಗಳಿಗೆ ಇದ್ದದ್ದು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಚಕ್ರದ ಹಬ್‌ನೊಳಗೆ ಹಿಡಿಯುವ ಬ್ರೇಕು. ಒಂದು ಬಾರಿ ಇಳಿದರೆ ಸಾಕು, ಆ ಬ್ರೇಕು ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಬಿಚ್ಚಿ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಹೀಗೆ 'ಮತ್ತೆ ತುಂಬುವುದು' ಎಂಬ ಅರ್ಥದ 'ರಿಪ್ಯಾಕ್' ಎಂಬುದೇ ಆ ಹಾದಿಯ ಹೆಸರಾಗಿ ನಿಂತಿತು. ಬೆಟ್ಟಕ್ಕೆಂದೇ ಬೇರೆ ಸೈಕಲ್ಲನ್ನು ಜೋ ಬ್ರೀಜ್ ಎಂಬಾತ ಕಟ್ಟತೊಡಗಿದ್ದು ಅದರ ಮರುವರ್ಷ, 1977ರಲ್ಲಿ. ಗ್ಯಾರಿ ಫಿಷರ್ ಮತ್ತು ಚಾರ್ಲಿ ಕೆಲ್ಲಿ ಎಂಬ ಗೆಳೆಯರು ಅಂಥ ಸೈಕಲ್ಲುಗಳ ವ್ಯಾಪಾರಕ್ಕೆ ಇಳಿದದ್ದು 1979ರಲ್ಲಿ. ಎಂದರೆ, ಈ ಕ್ರೀಡೆಯಲ್ಲಿ ಆನಂದ ಮೊದಲು ಬಂತು, ಸಾಮಗ್ರಿ ಅನಂತರ ಬಂತು. ಹಳೆಯ ಸೈಕಲ್ಲಿನಲ್ಲಿ ಗುಡ್ಡ ಹತ್ತುವವನು ಆ ಕ್ರೀಡೆಯನ್ನು ಅನುಕರಿಸುತ್ತಿಲ್ಲ, ಅದು ಆರಂಭವಾದ ಸ್ಥಳದಲ್ಲಿಯೇ ಇದ್ದಾನೆ.

ನಮ್ಮ ಸೈಕಲ್ಲಿನ ಅಂಗರಚನೆಯನ್ನು ಸ್ವಲ್ಪ ಪರಿಶೀಲಿಸೋಣ. 28 ಅಂಗುಲದ ಚಕ್ರ, ಒಂದೂವರೆ ಅಂಗುಲದ ಟಯರು, ಉಕ್ಕಿನ ಕೊಳವೆಗಳನ್ನು ಹಿತ್ತಾಳೆಯ ಬೆಸುಗೆಯಿಂದ ಕೂಡಿಸಿದ ಚೌಕಟ್ಟು, ಕಬ್ಬಿಣದ ಸಲಾಕೆಗಳಿಂದ ಎಳೆಯುವ ಬ್ರೇಕು, ಸ್ಪ್ರಿಂಗಿನ ಮೇಲೆ ಕೂರಿಸಿದ ಚರ್ಮದ ಸೀಟು, ತೂಕ ಇಪ್ಪತ್ತು ಕಿಲೋಗ್ರಾಮಿನ ಆಸುಪಾಸು. ಇದು ಇಂಗ್ಲೆಂಡಿನಿಂದ ಬಂದ ಮಾದರಿ. ಸ್ವಾತಂತ್ರ್ಯಾನಂತರ ಮದ್ರಾಸಿನ ಅಂಬತ್ತೂರು, ಸೋನಿಪತ್, ಅಸನ್ಸೋಲ್, ಲೂಧಿಯಾನಗಳಲ್ಲಿ ತಯಾರಾಗಿ ನಮ್ಮ ಹಳ್ಳಿಹಳ್ಳಿಗೆ ಬಂದು ಸೇರಿತು. ಅದರ ಮುಂಗವಲನ್ನು ಗಮನಿಸಿ ನೋಡಿ. ಅದು ನೆಟ್ಟಗೆ ನಿಂತಿರದೆ ಮುಂದಕ್ಕೆ ಚೆನ್ನಾಗಿ ಚಾಚಿಕೊಂಡಿರುತ್ತದೆ. ಎರಡು ಚಕ್ರಗಳ ನಡುವಿನ ಅಂತರವೂ ಉದ್ದ. ಕೆಟ್ಟ ರಸ್ತೆಯಲ್ಲಿ ಕುಲುಕಾಟ ಕಡಿಮೆಯಾಗಲಿ, ಹೊರೆ ಹೊತ್ತಾಗ ಓಟ ಸ್ಥಿರವಾಗಲಿ ಎಂದು ಹಿಂದಿನವರು ಮಾಡಿದ ಏರ್ಪಾಡು ಇದು. ಬೆಟ್ಟದ ಹೊಸ ಸೈಕಲ್ಲುಗಳನ್ನು ಮಾಡುವವರು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಮುಂಚಕ್ರವನ್ನು ಮತ್ತೆ ಮತ್ತೆ ಮುಂದಕ್ಕೆ ಚಾಚಿ, ಅಂತರವನ್ನು ಉದ್ದಗೊಳಿಸುತ್ತ ಬಂದಿದ್ದಾರೆ. ಇಳಿಜಾರಿನಲ್ಲಿ ಸವಾರ ಮುಗ್ಗರಿಸದಿರಲು ಅದೇ ತಕ್ಕ ಉಪಾಯವೆಂಬುದು ಅವರ ಅನುಭವ. ಹಾಲು ಮಾರುವವನ ಸೈಕಲ್ಲಿನಲ್ಲಿ ಆ ಗುಣದ ಒಂದಂಶ ಮೊದಲಿನಿಂದಲೂ ಇತ್ತು.

ಏರಿನಲ್ಲಿ ಮಾತ್ರ ಅದು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಮುಂದಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲು ಇರುವ ಒಂದು ಸೈಕಲ್ಲನ್ನು ತೆಗೆದುಕೊಳ್ಳಿ. ಪೆಡಲು ಒಂದು ಸುತ್ತು ಬಂದರೆ ಹಿಂಚಕ್ರ ಸುಮಾರು ಎರಡೂವರೆ ಸುತ್ತು ಬರುತ್ತದೆ, ಸೈಕಲ್ಲು ಐದು ಮೀಟರಿಗಿಂತ ಹೆಚ್ಚು ಮುಂದೆ ಸಾಗುತ್ತದೆ. ಗೇರುಗಳಿರುವ ಹೊಸ ಸೈಕಲ್ಲಿನಲ್ಲಾದರೋ ಅತಿ ಹಗುರವಾದ ಗೇರಿಗೆ ಹಾಕಿದಾಗ ಒಂದು ಸುತ್ತಿಗೆ ಒಂದೂವರೆ ಮೀಟರಿನಷ್ಟೇ ಮುಂದೆ ಹೋದರೆ ಸಾಕಾಗುತ್ತದೆ. ನಮ್ಮ ಸೈಕಲ್ಲು ಗುಡ್ಡದ ಬುಡದಲ್ಲಿಯೇ ಸವಾರನಿಗೆ ಅವನ ಅಳತೆಯನ್ನು ತಿಳಿಸಿಬಿಡುತ್ತದೆ. ಸೀಟಿನಿಂದ ಎದ್ದು ನಿಂತು ತುಳಿಯಬೇಕು; ಅದೂ ಆಗದಿದ್ದಾಗ ಇಳಿದು, ಹ್ಯಾಂಡಲು ಹಿಡಿದು, ತಳ್ಳಿಕೊಂಡು ನಡೆಯಬೇಕು. ಇದರಲ್ಲಿ ನಾಚಿಕೆಯೇನೂ ಇಲ್ಲ. ಹಾಗೆ ನಡೆಯುವಾಗಲೇ ನೆಲ ಕಣ್ಣಿಗೆ ಬೀಳುವುದು. ಇಲ್ಲಿ ಮಳೆನೀರು ಕೊರಕಲು ಮಾಡಿದೆ, ಈ ಬಂಡೆಯ ಎಡಕ್ಕೆ ದಾರಿ ಗಟ್ಟಿಯಾಗಿದೆ, ಈ ತಿರುವಿನಲ್ಲಿ ಹರಳು ಸಡಿಲವಾಗಿದೆ ಎಂಬ ಪಾಠವೆಲ್ಲ ಏರುವಾಗಲೇ ಆಗುತ್ತದೆ. ಇಳಿಯುವಾಗ ಅದನ್ನು ಒಪ್ಪಿಸಬೇಕಷ್ಟೆ.

ಇಳಿಯುವುದು ಬೇರೆಯೇ ವಿದ್ಯೆ. ಹಳೆಯ ಸೈಕಲ್ಲಿನಲ್ಲಿ ಸ್ಪ್ರಿಂಗು ಇರುವುದು ಸೀಟಿನಲ್ಲಿ ಮಾತ್ರ. ಉಳಿದ ಸ್ಪ್ರಿಂಗು ಸವಾರನ ಮೊಣಕಾಲು ಮತ್ತು ಮೊಣಕೈ. ಎರಡು ಪೆಡಲುಗಳನ್ನೂ ಸಮಮಟ್ಟದಲ್ಲಿ ನಿಲ್ಲಿಸಿ, ಸೀಟಿನಿಂದ ತುಸು ಮೇಲೆದ್ದು, ಭಾರವನ್ನು ಹಿಂದಕ್ಕೆ ಕೊಟ್ಟು, ಹ್ಯಾಂಡಲನ್ನು ಬಿಗಿಹಿಡಿಯದೆ, ಬಿಡದೆ ಹಿಡಿಯಬೇಕು. ಕಣ್ಣು ಮುಂಚಕ್ರದ ಬುಡದಲ್ಲಿರದೆ ಮುಂದಿನ ಹತ್ತು ಮಾರು ದೂರದಲ್ಲಿರಬೇಕು. ಕಲ್ಲನ್ನು ತಪ್ಪಿಸಬೇಕೆಂದು ಕಲ್ಲನ್ನೇ ನೋಡುವವನು ಕಲ್ಲಿಗೇ ಹೋಗಿ ಹೊಡೆಯುತ್ತಾನೆ. ಹಾದಿಯನ್ನು ನೋಡುವವನಿಗೆ ಹಾದಿ ಸಿಗುತ್ತದೆ. ಸಲಾಕೆ ಬ್ರೇಕಿನ ರಬ್ಬರು ಉಕ್ಕಿನ ರಿಮ್ಮನ್ನು ಹಿಡಿಯುವುದು ನಿಧಾನ, ರಿಮ್ಮು ಒದ್ದೆಯಾದರಂತೂ ಇನ್ನೂ ನಿಧಾನ. ಆದ್ದರಿಂದ ಈ ಸವಾರ ವೇಗವನ್ನು ಪಡೆದ ಮೇಲೆ ತಡೆಯಲಾರ, ವೇಗ ಬರುವ ಮುನ್ನವೇ ಯೋಚಿಸಬೇಕು. ಮೂರು ತಿರುವಿನಾಚೆಯ ಇಳಿಜಾರನ್ನು ಈ ತಿರುವಿನಲ್ಲಿಯೇ ನೆನೆಯಬೇಕು. ಹೊಸ ಸೈಕಲ್ಲು ಎಷ್ಟೋ ತಪ್ಪುಗಳನ್ನು ತಾನೇ ನುಂಗಿಕೊಂಡು ಸವಾರನನ್ನು ಕಾಪಾಡುತ್ತದೆ. ಹಳೆಯದು ಅವನನ್ನು ಎಚ್ಚರದಲ್ಲಿಡುತ್ತದೆ. ನಾನು ಮೊದಲು ಸುಖವೆಂದು ಕರೆದದ್ದು ಈ ಎಚ್ಚರವನ್ನೇ. ದಿನದ ಹತ್ತು ಚಿಂತೆಗಳಲ್ಲಿ ಹರಿದು ಹಂಚಿಹೋದ ಚಿತ್ತವು ಹತ್ತು ಮಾರು ನೆಲದ ಮೇಲೆ ಬಂದು ನಿಲ್ಲುತ್ತದೆ. ಇದನ್ನು ಕೆಲವರು ಧ್ಯಾನವೆಂದಾರು. ನನಗೆ ಅಷ್ಟು ದೊಡ್ಡ ಮಾತು ಬೇಡ.

ಎಚ್ಚರವು ಕಣ್ಣಿಗೆ ಮಾತ್ರ ಸೇರಿದ್ದಲ್ಲ, ಕಿವಿಗೂ ಸೇರಿದ್ದು. ಹಳೆಯ ಸೈಕಲ್ಲಿನ ಸದ್ದುಗಳಿಗೆ ಒಂದು ವ್ಯಾಕರಣವಿದೆ. ಪೆಡಲಿನ ಪ್ರತಿ ಸುತ್ತಿಗೊಮ್ಮೆ 'ಟಕ್' ಎಂದರೆ ಕಾಟರ್ ಪಿನ್ನು ಸಡಿಲವಾಗಿರಬಹುದು. ಚಕ್ರದ ಪ್ರತಿ ಸುತ್ತಿಗೊಮ್ಮೆ ಎಂದರೆ ಕಡ್ಡಿ ಸಡಿಲಗೊಂಡಿರಬಹುದು, ಇಲ್ಲವೇ ಟಯರಿಗೆ ಮುಳ್ಳು ಹತ್ತಿರಬಹುದು. ಪೆಡಲಿನ ಎರಡು ಮೂರು ಸುತ್ತಿಗೊಮ್ಮೆ ಚೈನು ಜಿಗಿದಂತಾದರೆ ಅದರ ಯಾವುದೋ ಒಂದು ಕೊಂಡಿ ಬಿಗಿದುಕೊಂಡಿದೆ; ಚೈನಿನಲ್ಲಿ ನೂರಕ್ಕೂ ಹೆಚ್ಚು ಕೊಂಡಿಗಳಿರುವುದರಿಂದ ಆ ಕೊಂಡಿ ಮತ್ತೆ ಹಲ್ಲಿಗೆ ಬರಲು ಅಷ್ಟು ಸುತ್ತು ಬೇಕು. ಇದನ್ನು ನನಗೆ ತಿಳಿಸಿಕೊಟ್ಟವರು ಸೈಕಲ್ಲು ರಿಪೇರಿ ಮಾಡುವ ಒಬ್ಬ ಹಿರಿಯರು. "ಮೇಷ್ಟ್ರೇ, ತನಗೆ ಎಲ್ಲಿ ನೋಯ್ತದೆ ಅಂತ ಸೈಕಲ್ಲೇ ಹೇಳ್ತದ್ರಿ. ತುಳಿಯೋವಾಗ ನೀವು ಮಾತಾಡೋದು ನಿಲ್ಲಿಸಬೇಕು, ಅಷ್ಟೆ" ಎಂದರು. ಮೇಷ್ಟ್ರ ವೃತ್ತಿಯಲ್ಲಿದ್ದವನಿಗೆ ಅದು ಸುಲಭದ ಉಪದೇಶವೇನೂ ಆಗಿರಲಿಲ್ಲ.

ಇಲ್ಲಿ ಒಂದು ವಿವೇಚನೆ ಅಗತ್ಯ. ಹಳೆಯದಾಗುವುದು ಬೇರೆ, ಹಾಳಾಗುವುದು ಬೇರೆ. ಪೆಡಲಿನ ರಬ್ಬರು ಪಾದದ ಆಕಾರಕ್ಕೆ ಸವೆದಿರುವುದು, ಹ್ಯಾಂಡಲಿನ ಹಿಡಿಯಲ್ಲಿ ಬೆರಳಿನ ಗುರುತು ಮೂಡಿರುವುದು, ಸೀಟಿನ ಚರ್ಮ ಕೂತವನ ಮೈಗೆ ಒಗ್ಗಿರುವುದು, ಇವು ಹಳೆಯದಾದುದರ ಲಕ್ಷಣ. ಮುಂಗವಲಿನ ಬೆಸುಗೆಯಲ್ಲಿ ಬಿರುಕು, ಒಳಗೆ ತುಕ್ಕು ತಿಂದ ಕೊಳವೆ, ಕಲ್ಲಿನಂತಾದ ಬ್ರೇಕಿನ ರಬ್ಬರು, ದಾರ ಕಾಣುವ ಟಯರು, ಇವು ಹಾಳಾದುದರ ಲಕ್ಷಣ. ಹಾಳಾದ ಸೈಕಲ್ಲಿನಲ್ಲಿ ಗುಡ್ಡ ಇಳಿಯುವುದಕ್ಕೆ ಸಾಹಸವೆಂಬ ಹೆಸರು ಸಲ್ಲದು. ಹೊರಡುವ ಮೊದಲು ಚಕ್ರವನ್ನು ಎತ್ತಿ ತಿರುಗಿಸಿ ಬೆಂಡು ನೋಡಬೇಕು, ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ ನೋಡಬೇಕು, ಎರಡೂ ಬ್ರೇಕು ಹಿಡಿದು ಸೈಕಲ್ಲನ್ನು ಮುಂದಕ್ಕೆ ನೂಕಿ ನೋಡಬೇಕು. ತಲೆಗೆ ಹೆಲ್ಮೆಟ್ಟು ಇರಬೇಕು. ಪಂಪು, ಪ್ಯಾಚು, ಸೊಲ್ಯೂಷನ್ನು ಚೀಲದಲ್ಲಿರಬೇಕು, ಏಕೆಂದರೆ ಬಳ್ಳಾರಿ ಜಾಲಿ ಮತ್ತು ನೆಗ್ಗಿಲು ಮುಳ್ಳುಗಳು ಹೊಸದು ಹಳೆಯದೆಂಬ ಭೇದವೆಣಿಸುವುದಿಲ್ಲ.

ಇಷ್ಟು ಕೇಳಿದ ಮೇಲೆ ಒಬ್ಬ ತರುಣ ಮಿತ್ರರು ನನ್ನನ್ನು ಆಕ್ಷೇಪಿಸಬಹುದು. "ಇದು ಬಡತನವನ್ನು ಸಿಂಗರಿಸುವ ಮಾತಲ್ಲವೇ? ಗೇರು ಇದ್ದರೆ ಬೆಟ್ಟ ಸುಲಭವಾಗುತ್ತದೆ. ಅದು ಬೇಡವೆನ್ನುವುದರಲ್ಲಿ ಯಾವ ಹೆಚ್ಚುಗಾರಿಕೆ?" ಆಕ್ಷೇಪಣೆ ನ್ಯಾಯವಾದದ್ದು. ಗೇರು ಒಂದು ಉತ್ತಮವಾದ ಉಪಜ್ಞೆ. ಕೊಳ್ಳಬಲ್ಲವರು ಕೊಳ್ಳಲಿ, ಸುಖಪಡಲಿ. ಎರಡು ಕ್ಯಾನು ಹಾಲು ಹೊತ್ತು ಎದುರುಗಾಳಿಯಲ್ಲಿ ಸೈಕಲ್ಲು ತುಳಿಯುವವನ ಬೆವರನ್ನು ಯಾರೂ ಕಾವ್ಯ ಮಾಡಬೇಕಾಗಿಲ್ಲ. ನನ್ನ ಮಾತು ಇಷ್ಟೆ. ಇಲ್ಲದ ಸಾಧನವನ್ನು ಕಾಯುತ್ತ ಇರುವ ಗುಡ್ಡವನ್ನು ಕಳೆದುಕೊಳ್ಳಬೇಡಿ. ದುಡಿಮೆಗೆ ಮಾತ್ರ ಹುಟ್ಟಿದ್ದೆಂದು ನಾವು ತಿಳಿದ ವಸ್ತುವಿನಲ್ಲಿಯೂ ಆಟದ ಒಂದು ಪಾಲು ಉಳಿದಿರುತ್ತದೆ. ದುಡಿಯುವ ಮನುಷ್ಯನ ವಿಷಯದಲ್ಲಿಯೂ ಈ ಮಾತು ನಿಜ. ಆ ಪಾಲನ್ನು ಬೇಡವೆನ್ನುವ ಹಕ್ಕು ಅವನಿಗಲ್ಲದೆ ಮತ್ತಾರಿಗೂ ಇಲ್ಲ.

ಇದಕ್ಕೆ ಹೆಚ್ಚು ಕಾಲಾವಕಾಶವೂ ಇಲ್ಲವೆಂದು ತೋರುತ್ತದೆ. 1951ರಲ್ಲಿ ಸೋನಿಪತ್‌ನಲ್ಲಿ ಆರಂಭವಾದ ಅಟ್ಲಾಸ್ ಸೈಕಲ್ಲಿನ ಕಂಪೆನಿಯು ಸಾಹಿಬಾಬಾದ್‌ನಲ್ಲಿದ್ದ ತನ್ನ ಕಾರ್ಖಾನೆಯ ಕೆಲಸವನ್ನು ನಿಲ್ಲಿಸಿದ್ದು 2020ರ ಜೂನ್ 3ರಂದು. ಆ ದಿನ ವಿಶ್ವ ಸೈಕಲ್ ದಿನವಾಗಿತ್ತು. ಆದರೂ ಅಟ್ಲಾಸ್ ಸೈಕಲ್ಲುಗಳು ಇನ್ನೂ ಓಡುತ್ತಿವೆ. ಕಾರಣ, ಈ ಕರಿಯ ಸೈಕಲ್ಲುಗಳೆಲ್ಲ ಹೆಚ್ಚು ಕಡಿಮೆ ಒಂದೇ ಅಳತೆಯವು. ಒಂದರ ಫ್ರೀವೀಲು ಇನ್ನೊಂದಕ್ಕೆ ಕೂರುತ್ತದೆ, ಒಂದರ ಗುಂಡುಗಳು ಇನ್ನೊಂದರಲ್ಲಿ ಉರುಳುತ್ತವೆ. ಉಕ್ಕಿನ ಚೌಕಟ್ಟು ಮುರಿದರೆ ಬೆಸುಗೆಯವನು ಯಾವ ಊರಿನಲ್ಲಿದ್ದರೂ ಕೂಡಿಸಿ ಕೊಡಬಲ್ಲ. ಹೀಗೆ ಹುಟ್ಟಿಸಿದ ಕಾರ್ಖಾನೆಯೇ ಇಲ್ಲದಾದ ಮೇಲೆಯೂ ಬದುಕಬಲ್ಲ ಯಂತ್ರಗಳು ಬಹಳ ಇಲ್ಲ. ಆದರೆ ಅದನ್ನು ಬದುಕಿಸುವ ಕೈಗಳು ಬೇಕಲ್ಲ! ಕಡ್ಡಿ ಬಿಗಿದು ಬೆಂಡು ತೆಗೆಯುವ ನಿಪುಣರಿಗೆ ವಯಸ್ಸಾಗುತ್ತಿದೆ. ಅವರ ಮಕ್ಕಳು ಮೋಟಾರು ಸೈಕಲ್ಲಿನ ಕೆಲಸಕ್ಕೆ ಹೋಗಿದ್ದಾರೆ. ನಮ್ಮ ರಾಜ್ಯ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಅದರಿಂದ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಮೊದಲ ಬಾರಿಗೆ ತಮ್ಮದೆನ್ನುವ ಸೈಕಲ್ಲು ಏರಿದರು. ಆಗ ಬಂದ ಸೈಕಲ್ಲುಗಳಲ್ಲಿ ಅನೇಕವು ಈಗ ಗಾಳಿಯಿಲ್ಲದ ಟಯರಿನ ಮೇಲೆ ಹಿತ್ತಿಲಲ್ಲಿ ನಿಂತಿವೆ. ಅವಕ್ಕೆ ಬೇಕಾಗಿರುವುದು ಎರಡು ಟ್ಯೂಬು, ಒಂದಿಷ್ಟು ಎಣ್ಣೆ, ರಿಪೇರಿ ಅಂಗಡಿಯಲ್ಲಿ ಒಂದು ಬೆಳಗು. ರಿಪೇರಿಯವರಿಗೂ ಅದರಿಂದ ಅಂದಿನ ಸಂಪಾದನೆ, ತಮ್ಮ ವಿದ್ಯೆಯನ್ನು ನೋಡಿ ಕಲಿಯುವ ಒಂದು ಜೊತೆ ಕಣ್ಣು.

ಗುಡ್ಡಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಎಲ್ಲ ಗುಡ್ಡವೂ ನಮ್ಮದಲ್ಲ. ಜಗಳೂರು ತಾಲೂಕಿನ ರಂಗಯ್ಯನದುರ್ಗದ ಕಾಡನ್ನು 2011ರಲ್ಲಿ ಕೊಂಡುಕುರಿಯ ವನ್ಯಧಾಮವೆಂದು ಘೋಷಿಸಲಾಗಿದೆ. ಸುಮಾರು 77 ಚದರ ಕಿಲೋಮೀಟರಿನ ಆ ಕುರುಚಲು ಕಾಡಿನಲ್ಲಿ ವಾಸಿಸುವ ಈ ಸಣ್ಣ ಪ್ರಾಣಿಯ ಗಂಡಿಗೆ ನಾಲ್ಕು ಕೊಂಬುಗಳಿರುತ್ತವೆ. ಅದರ ಜಾತಿಯವುಗಳಲ್ಲಿ ಇನ್ನಾವುದಕ್ಕೂ ಆ ವಿಶೇಷವಿಲ್ಲ. ಅದು ಮಹಾ ಸಂಕೋಚದ ಪ್ರಾಣಿ. ಒಂಟಿಯಾಗಿಯೋ ಜೋಡಿಯಾಗಿಯೋ ಹುಲ್ಲಿನಲ್ಲಿ ಅಡಗಿ, ನೀರಿನ ಆಸರೆಯ ಬಳಿ ಬದುಕುತ್ತದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿಗೆ ಪ್ರವೇಶಿಸುವುದನ್ನು ಕಾನೂನು ಒಪ್ಪುವುದಿಲ್ಲ, ಸೌಜನ್ಯವೂ ಒಪ್ಪುವುದಿಲ್ಲ. ನಮಗೆ ಊರ ಸುತ್ತಿನ ಬಂಡಿಜಾಡುಗಳಿವೆ, ಗೋಮಾಳದ ದಿಣ್ಣೆಗಳಿವೆ, ದೇವರ ಗುಡ್ಡಕ್ಕೆ ಹೋಗುವ ಹಾದಿಗಳಿವೆ. ಅಲ್ಲಿಯೂ ಮಳೆ ಬಂದು ನೆಲ ಮೆತ್ತಗಾಗಿರುವಾಗ ಚಕ್ರ ಹಾಯಿಸಬಾರದು. ಚಕ್ರ ಕೊರೆದ ಗೀರಿನಲ್ಲಿ ಮುಂದಿನ ಮಳೆಯ ನೀರು ಹರಿದು, ಆ ಗೀರು ಕೊರಕಲಾಗಿ, ಕುರಿಗಾಹಿಯ ಹಾದಿಯೇ ಕೆಟ್ಟುಹೋಗುತ್ತದೆ. ಎದುರಿಗೆ ಕುರಿಹಿಂಡು ಬಂದರೆ ಇಳಿದು ನಿಲ್ಲಬೇಕು. ಹಾದಿಯನ್ನು ಮಾಡಿದವು ಅವೇ ಅಲ್ಲವೇ?

ಮಳೆಗಾಲ ಹಿಂದೆಗೆದು, ಮೆಕ್ಕೆಜೋಳದ ಕಟಾವು ಮುಗಿದು, ಗೊರಚು ನೆಲ ಬಿಗಿಯಾಗುವ ತಿಂಗಳುಗಳು ಇದಕ್ಕೆ ತಕ್ಕ ಕಾಲ. ಒಂದು ಭಾನುವಾರದ ಬೆಳಗಿನ ಜಾವ ಹೊರಟರೆ ಬಿಸಿಲೇರುವ ಮುನ್ನ ಮನೆಗೆ ಬರಬಹುದು. ಬಂದ ಮೇಲೆ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಒದ್ದೆ ಬಟ್ಟೆಯಿಂದ ಕೆಂಪು ಧೂಳನ್ನು ಒರೆಸಿ, ಚೈನಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಟಯರಿಗೆ ಹತ್ತಿದ ಮುಳ್ಳುಗಳನ್ನು ಒಂದೊಂದಾಗಿ ಕಿತ್ತು, ಕ್ಯಾರಿಯರನ್ನು ಮತ್ತೆ ಬಿಗಿದಿಡಬೇಕು. ಸೋಮವಾರ ಬೆಳಿಗ್ಗೆ ಅದಕ್ಕೆ ಹಾಲಿನ ಕ್ಯಾನು ಕಟ್ಟಬೇಕಲ್ಲ!